ಕೀನ್ಯಾ ಸಫಾರಿ: ಸಂಚಾರ, ಲೆಕ್ಕ ಮತ್ತು ನಡವಳಿಕೆ

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಪದ. ಅದರ ಅರ್ಥ ಪ್ರಯಾಣ ಎಂದಷ್ಟೆ. ಹಿಂದಿ, ಉರ್ದುಗಳ ಮೂಲಕ ಕನ್ನಡಿಗರಿಗೂ ಪರಿಚಿತವಾದ ‘ಸಫರ್’ ಎಂಬ ಅರಬ್ಬಿ ಮೂಲದ ಪದಕ್ಕೆ ಅದು ಹತ್ತಿರದ ಸಂಬಂಧಿ. ಪೂರ್ವ ಆಫ್ರಿಕದ ಕರಾವಳಿಯಿಂದ ಒಳನಾಡಿಗೆ ಸರಕು ಸಾಗಿಸುತ್ತಿದ್ದ ವರ್ತಕರ ತಂಡಗಳ ಪಯಣವನ್ನೂ ಇದೇ ಪದದಿಂದ ಕರೆಯುತ್ತಿದ್ದರು. ಹೀಗಾಗಿ ಇಂದು ಕಾಡುಪ್ರಾಣಿಗಳ ವೀಕ್ಷಣೆಗೆ ಅಂಟಿಕೊಂಡಿರುವ ಈ ಪದ ಮೂಲತಃ ವ್ಯಾಪಾರಕ್ಕೆ ಅಪರಿಚಿತವೇನಲ್ಲ.

ಕೀನ್ಯಾ ದೇಶವೂ ಭಾರತೀಯ ವರ್ತಕರಿಗೆ ಹೊಸತಲ್ಲ. ಮೊಂಬಾಸಾದಿಂದ ಒಳನಾಡಿನ ಸರೋವರದವರೆಗೆ 1896ರಿಂದ 1901ರ ಅವಧಿಯಲ್ಲಿ ರೈಲುಮಾರ್ಗ ನಿರ್ಮಿಸಿದವರು ಭಾರತದಿಂದ ಹೋದ 30,000ಕ್ಕೂ ಹೆಚ್ಚು ಕಾರ್ಮಿಕರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಪ್ರಾಣ ತೆತ್ತರು. 1920ರವರೆಗೂ ಆ ಪ್ರದೇಶದಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ರೂಪಾಯಿಯೇ. 2017ರಲ್ಲಿ ಕೀನ್ಯಾ ಸರ್ಕಾರ ತನ್ನ ದೇಶದ ಏಷ್ಯಾ ಮೂಲದ ಪ್ರಜೆಗಳನ್ನು ನಾಡಿನ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು. ವ್ಯವಹಾರಕ್ಕಾಗಿ ನೈರೋಬಿಗೆ ತೆರಳುವ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಕೆಲಸ ಮುಗಿದ ಮೇಲೆ ನಾಲ್ಕು ದಿನ ಕುಟುಂಬದೊಡನೆ ಮಸಾಯಿ ಮಾರಾ ನೋಡಿ ಬರೋಣವೆಂದು ಯೋಚಿಸುವುದು ಸಹಜ. ಅಂತಹವರು ಸಂಚಾರದ ವ್ಯವಸ್ಥೆ, ಖರ್ಚಿನ ಲೆಕ್ಕ ಹಾಗೂ ಅಲ್ಲಿ ನಡೆದುಕೊಳ್ಳಬೇಕಾದ ರೀತಿ, ಈ ಮೂರನ್ನೂ ಮುಂಚಿತವಾಗಿ ತಿಳಿದಿರುವುದು ಲೇಸು.

ಮೊದಲಿಗೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಗೆ ಬಳಕೆಯಾಗುತ್ತ ಬಂದಿರುವುದು ಅರಣ್ಯ ಇಲಾಖೆ ಮತ್ತು ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನಗಳು. ಪ್ರವಾಸಿಗ ಅಲ್ಲಿ ಕೇವಲ ಟಿಕೆಟ್ ಪಡೆದು ಕುಳಿತವನು. ವಾಹನ ಎಲ್ಲಿ ನಿಲ್ಲಬೇಕೆಂಬುದು ಅವನ ಕೈಯಲ್ಲಿಲ್ಲ. ಕೀನ್ಯಾದಲ್ಲಿ ಹಾಗಲ್ಲ. ಅಲ್ಲಿ ಖಾಸಗಿ ಸಂಸ್ಥೆಯ ವಾಹನವನ್ನೂ ಚಾಲಕನನ್ನೂ ಇಡೀ ಪ್ರವಾಸಕ್ಕೆ ಗೊತ್ತುಮಾಡಿಕೊಳ್ಳಲಾಗುತ್ತದೆ. ಆ ಚಾಲಕನೇ ಮಾರ್ಗದರ್ಶಿ. ಅವನ ಬಕ್ಷೀಸು ಪ್ರವಾಸಿಗನ ಸಂತೋಷವನ್ನು ಅವಲಂಬಿಸಿದೆ. ಆದುದರಿಂದ ಕಾಡಿನ ನಿಯಮ ಪಾಲನೆಯಾಗುವುದೋ ಮುರಿಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವನು ಹಿಂದಿನ ಆಸನದಲ್ಲಿ ಕುಳಿತ ಗಿರಾಕಿಯೇ.

ಯಾವಾಗ ಹೋಗಬೇಕು

ಟಾಂಜಾನಿಯಾದ ಸೆರೆಂಗೆಟಿಯಿಂದ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಮತ್ತು ಜೀಬ್ರಾಗಳು ಹುಲ್ಲನ್ನರಸಿ ಉತ್ತರದ ಮಾರಾ ಪ್ರದೇಶಕ್ಕೆ ಬರುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ. ಮಾರ್ಚ್ ಕೊನೆಯಿಂದ ಮೇವರೆಗೆ ಅಲ್ಲಿ ದೀರ್ಘ ಮಳೆಗಾಲ. ನವೆಂಬರ್ ಸುಮಾರಿಗೆ ಅಲ್ಪ ಮಳೆ. ನಮ್ಮ ಶಾಲೆಗಳ ಬೇಸಿಗೆ ರಜೆ ಅಲ್ಲಿನ ದೀರ್ಘ ಮಳೆಯ ಕಾಲಕ್ಕೆ ಸರಿಯಾಗಿ ಬೀಳುತ್ತದೆಂಬುದನ್ನು ಅನೇಕರು ಹಣ ಕಟ್ಟಿದ ಮೇಲೆ ಅರಿಯುತ್ತಾರೆ. ಆಗ ವಸತಿಯ ದರ ಕಡಿಮೆ, ಜನಸಂದಣಿಯೂ ಕಡಿಮೆ, ನಿಜ. ಆದರೆ ಮಣ್ಣಿನ ದಾರಿಗಳು ಕೆಸರಾಗಿ ಓಡಾಟ ನಿಧಾನವಾಗುತ್ತದೆ. ದಸರಾ ರಜೆಯ ಕಾಲ ಇದಕ್ಕಿಂತ ಅನುಕೂಲಕರ.

ಮಾರಾ ಪ್ರದೇಶ ಭೂಮಧ್ಯರೇಖೆಯ ಸಮೀಪದಲ್ಲಿದ್ದರೂ ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಎತ್ತರದಲ್ಲಿದೆ. ಬೆಳಗಿನ 6 ಗಂಟೆಗೆ ತೆರೆದ ವಾಹನದಲ್ಲಿ ಹೊರಟವರಿಗೆ ಬೆಚ್ಚನೆಯ ಉಡುಪು ಅಗತ್ಯ. ಸೈನಿಕರ ಸಮವಸ್ತ್ರವನ್ನು ಹೋಲುವ ಮಚ್ಚೆಯ ಬಟ್ಟೆಗಳನ್ನು ಸಾಮಾನ್ಯ ನಾಗರಿಕರು ಧರಿಸುವುದಕ್ಕೆ ಕೀನ್ಯಾದಲ್ಲಿ ಅವಕಾಶವಿಲ್ಲ. ಗಾಢ ನೀಲಿ ಮತ್ತು ಕಪ್ಪು ಬಟ್ಟೆ ಕಚ್ಚುವ ತ್ಸೆತ್ಸೆ ನೊಣಗಳನ್ನು ಸೆಳೆಯುತ್ತದೆ. ಖಾಕಿ, ಮಣ್ಣಿನ ಬಣ್ಣದ ಸಾದಾ ಬಟ್ಟೆಯೇ ಕ್ಷೇಮ.

ಹೊರಡುವ ಮುನ್ನ

ಕೀನ್ಯಾ 2024ರ ಜನವರಿಯಿಂದ ಹಳೆಯ ವೀಸಾ ಪದ್ಧತಿಯನ್ನು ಕೈಬಿಟ್ಟು, ‘ಇಟಿಎ’ ಎಂಬ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದೆ. ಮಕ್ಕಳಿಗೂ ಪ್ರತ್ಯೇಕ ಅರ್ಜಿ ಬೇಕು. ಅರ್ಜಿಯನ್ನು ಆ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಸಲ್ಲಿಸಬೇಕು. ಅದೇ ರೂಪದ ದಲ್ಲಾಳಿ ತಾಣಗಳು ಹೆಚ್ಚಿನ ಹಣ ವಸೂಲು ಮಾಡುತ್ತವೆ.

ಎರಡನೆಯದು ಹಳದಿ ಜ್ವರದ ಲಸಿಕೆ. ಭಾರತದಿಂದ ನೇರವಾಗಿ ಹೋಗುವವರನ್ನು ಕೀನ್ಯಾ ಇದಕ್ಕಾಗಿ ತಡೆಯುವುದಿಲ್ಲ. ತಡೆಯಿರುವುದು ಹಿಂದಿರುಗುವಾಗ. ಕೀನ್ಯಾದಿಂದ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ಆರೋಗ್ಯ ಅಧಿಕಾರಿಗಳು ಅವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಸಿಂಧುವಾಗುವುದು ಲಸಿಕೆ ಪಡೆದ 10 ದಿನಗಳ ನಂತರ. 2016ರ ಜುಲೈಯಿಂದ ಅದು ಜೀವನಪರ್ಯಂತ ಸಿಂಧು. ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ದೊರೆಯುವುದರಿಂದ ಟಿಕೆಟ್ ಖರೀದಿಸಿದ ದಿನವೇ ದಿನಾಂಕ ಗೊತ್ತುಮಾಡಿಕೊಳ್ಳುವುದು ಒಳಿತು. ಮಲೇರಿಯಾ ತಡೆಯ ಮಾತ್ರೆಗಳ ಬಗೆಗೂ ಅದೇ ಸಮಯದಲ್ಲಿ ವೈದ್ಯರನ್ನು ವಿಚಾರಿಸಬಹುದು.

ಮೂರನೆಯದು ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವ ಸಂಸ್ಥೆ 2020ರ ಅಕ್ಟೋಬರ್‌ 1ರಿಂದ ಗ್ರಾಹಕರಿಂದ ಟಿಸಿಎಸ್ ಸಂಗ್ರಹಿಸುತ್ತಿದೆ. ಅದರ ದರ ಹಲವು ಬಾರಿ ಬದಲಾಗಿದೆಯಾದ್ದರಿಂದ ಹಣ ಕಟ್ಟುವ ದಿನದ ದರವನ್ನೇ ನೋಡಬೇಕು. ಇದು ಪ್ರತ್ಯೇಕ ವೆಚ್ಚವಲ್ಲ, ಮುಂಗಡ ತೆರಿಗೆಯಂತೆ. ವಿವರಪಟ್ಟಿ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಆದರೆ ಸರಿಯಾದ ಪ್ಯಾನ್ ಸಂಖ್ಯೆ ನೀಡಿರಬೇಕು. ಪತ್ನಿಯ ಹೆಸರಿನಲ್ಲಿ ಸಂಗ್ರಹವಾದದ್ದನ್ನು ಪತಿಯ ವಿವರಪಟ್ಟಿಯಲ್ಲಿ ಹುಡುಕಿ ಫಲವಿಲ್ಲ. ನೈರೋಬಿಯಲ್ಲಿ ಖರೀದಿದಾರರನ್ನು ಭೇಟಿಯಾದ ಖರ್ಚು ವ್ಯವಹಾರದ ವೆಚ್ಚ. ಮಾರಾದಲ್ಲಿ ಸಿಂಹ ನೋಡಿದ ಖರ್ಚು ಸ್ವಂತದ್ದು. ಎರಡರ ರಸೀದಿಗಳನ್ನೂ ಮೊದಲಿನಿಂದಲೇ ಬೇರೆ ಬೇರೆ ಲಕೋಟೆಯಲ್ಲಿಟ್ಟರೆ ಮುಂದೆ ವಿವರಣೆ ಕೊಡುವ ಪ್ರಮೇಯ ಬಾರದು.

ನೈರೋಬಿಯಿಂದ ಕಾಡಿಗೆ

ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು 6 ಗಂಟೆಯ ಪ್ರಯಾಣ. ಅಲ್ಲಿಂದ ಮಾರಾಕ್ಕೆ ಎರಡು ದಾರಿಗಳಿವೆ. ರಸ್ತೆಯಲ್ಲಿ ಹೋದರೆ ರಿಫ್ಟ್ ಕಣಿವೆಯ ಅಂಚಿನಲ್ಲಿ ಇಳಿದು ನಾರೋಕ್ ಪಟ್ಟಣದ ಮೂಲಕ 5ರಿಂದ 6 ಗಂಟೆ ಹಿಡಿಯುತ್ತದೆ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ಹೋದರೆ ಸುಮಾರು ಮುಕ್ಕಾಲು ಗಂಟೆ. ಅಂತಾರಾಷ್ಟ್ರೀಯ ವಿಮಾನಗಳು ಇಳಿಯುವ ನಿಲ್ದಾಣ ಬೇರೆ ಎಂಬುದು ನೆನಪಿರಲಿ. ಚಿಕ್ಕ ವಿಮಾನದಲ್ಲಿ ಕೈಚೀಲವೂ ಸೇರಿ ಒಬ್ಬರಿಗೆ 15 ಕಿಲೋ ಸಾಮಾನು, ಅದೂ ಮೆತ್ತನೆಯ ಚೀಲದಲ್ಲಿ ಮಾತ್ರ. ಚಕ್ಕುಲಿ, ಕೋಡುಬಳೆಗಳ ಡಬ್ಬಿ ತುಂಬಿದ ಗಡಸು ಸೂಟ್‌ಕೇಸನ್ನು ನೈರೋಬಿಯ ಹೋಟೆಲಿನಲ್ಲಿಯೇ ಬಿಟ್ಟು ಹೊರಡಬೇಕಾಗುತ್ತದೆ.

ಕೀನ್ಯಾದಲ್ಲಿಯೂ ವಾಹನಗಳು ರಸ್ತೆಯ ಎಡಭಾಗದಲ್ಲಿಯೇ ಚಲಿಸುತ್ತವೆ. ಆ ಧೈರ್ಯದಿಂದ ಸ್ವತಃ ವಾಹನ ಬಾಡಿಗೆಗೆ ಪಡೆದು ಮಾರಾಕ್ಕೆ ಹೊರಡುವುದು ಜಾಣತನವಲ್ಲ. ಹುಲ್ಲುಗಾವಲಿನ ಕವಲು ದಾರಿಗಳಲ್ಲಿ ಫಲಕಗಳು ವಿರಳ, ಮಳೆ ಬಂದರೆ ಚಕ್ರ ಹೂಳುವುದು ಸಾಮಾನ್ಯ. ಪ್ರವಾಸ ಸಂಸ್ಥೆಯನ್ನು ಆರಿಸುವಾಗ ಅದಕ್ಕೆ ಅಲ್ಲಿನ ಪ್ರವಾಸೋದ್ಯಮ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಇದೆಯೇ ಎಂದು ವಿಚಾರಿಸಬೇಕು. ಮಾರ್ಗದರ್ಶಿಗಳ ವೃತ್ತಿಪರ ಸಂಘವು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳನ್ನು ನೀಡುತ್ತದೆ. ಚಾಲಕನ ದರ್ಜೆ ಯಾವುದೆಂದು ಕೇಳುವುದು ತಪ್ಪಲ್ಲ.

ಪ್ರಾಣಿಗಳಿಗೆ ಮಾರಾ ಮತ್ತು ಸೆರೆಂಗೆಟಿ ಒಂದೇ ಬಯಲು, ಪ್ರವಾಸಿಗರಿಗೆ ಹಾಗಲ್ಲ. ಎದುರಿಗೇ ಕಾಣುವ ಸೆರೆಂಗೆಟಿಗೆ ಹೋಗಬೇಕಾದರೆ ಸುತ್ತುಬಳಸಿ ಇಸೆಬಾನಿಯಾ ಗಡಿಠಾಣೆಯ ಮೂಲಕವೇ ದಾಟಬೇಕು. ಎರಡು ದೇಶ, ಐದು ದಿನ ಎಂಬ ಯೋಜನೆ ‘ಹೋದ ಪುಟ್ಟ ಬಂದ ಪುಟ್ಟ’ ಎಂಬಂತಾಗುತ್ತದೆ. ಒಂದೇ ಕಡೆ ಮೂರು ರಾತ್ರಿ ತಂಗುವುದು ಹಣಕ್ಕೂ ದೇಹಕ್ಕೂ ಹಿತ.

ಪ್ರವೇಶ ಶುಲ್ಕದ ಲೆಕ್ಕ

ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್. ಇದು ಕೇಂದ್ರ ವನ್ಯಜೀವಿ ಇಲಾಖೆಯದಲ್ಲ, ನಾರೋಕ್ ಜಿಲ್ಲಾಡಳಿತದ್ದು. 2024ರಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಹಿಂದೆ 24 ಗಂಟೆಗಳಿದ್ದ ಟಿಕೆಟ್ಟಿನ ಅವಧಿಯನ್ನು 12 ಗಂಟೆಗಳಿಗೆ ಇಳಿಸಲಾಗಿದೆ. ಅಂದರೆ ನಾಲ್ವರು ವಯಸ್ಕರ ಕುಟುಂಬ ಆಗಸ್ಟ್ ತಿಂಗಳಲ್ಲಿ ಎರಡು ದಿನ ಒಳಹೋದರೆ ಪ್ರವೇಶ ಶುಲ್ಕವೇ 1,600 ಡಾಲರ್, ಫೆಬ್ರುವರಿಯಲ್ಲಾದರೆ 800. ಪ್ಯಾಕೇಜಿನ ಬೆಲೆಯಲ್ಲಿ ಈ ಶುಲ್ಕ ಸೇರಿದೆಯೇ, ಎಷ್ಟು ದಿನಕ್ಕೆ ಸೇರಿದೆ, ವಸತಿ ಮೀಸಲು ಪ್ರದೇಶದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಅಗ್ಗವೆಂದು ಕಾಣುವ ಅನೇಕ ಕೊಟೇಶನ್‌ಗಳ ಗುಟ್ಟು ಈ ಒಂದು ಸಾಲಿನಲ್ಲಿ ಅಡಗಿರುತ್ತದೆ. ಪ್ರಯಾಣದ ಹೊತ್ತಿಗೆ ಇರುವ ದರವನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ವಿಹಿತ.

ವಾಹನದೊಳಗಿನ ಶಿಸ್ತು

ಇಷ್ಟು ದುಬಾರಿ ಟಿಕೆಟ್ ಕೊಂಡವನಿಗೆ ‘ಕೊಟ್ಟ ಹಣ ವಸೂಲಾಗಬೇಕು’ ಎನ್ನಿಸುವುದು ಸಹಜ. ತೊಂದರೆ ಆರಂಭವಾಗುವುದು ಅಲ್ಲಿಯೇ. ಮಾರಾದ ನಿಯಮಗಳು ಸರಳವಾಗಿವೆ. ಪ್ರಾಣಿಯಿಂದ ಕನಿಷ್ಠ 25 ಮೀಟರ್ ದೂರವಿರಬೇಕು. ಒಂದು ಪ್ರಾಣಿಯ ಬಳಿ ಏಕಕಾಲಕ್ಕೆ 5ಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದು. ಬೇರೆಯವರು ಕಾದಿದ್ದರೆ 10 ನಿಮಿಷದಲ್ಲಿ ಜಾಗ ಬಿಟ್ಟುಕೊಡಬೇಕು. ದಾರಿ ಬಿಟ್ಟು ಹುಲ್ಲಿನ ಮೇಲೆ ವಾಹನ ಓಡಿಸಬಾರದು. ಗೊತ್ತುಪಡಿಸಿದ ಸ್ಥಳಗಳನ್ನು ಬಿಟ್ಟು ಬೇರೆಲ್ಲಿಯೂ ವಾಹನದಿಂದ ಇಳಿಯಬಾರದು. ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದು.

ಇವುಗಳಿಗೆ ಸೇರಿಸಬೇಕಾದ ಕೆಲವು ಸಂಗತಿಗಳು ಸಾಮಾನ್ಯ ವಿವೇಕಕ್ಕೆ ಸೇರಿದವು. ಪ್ರಾಣಿಯ ಬಳಿ ವಾಹನ ನಿಂತಾಗ ಎಂಜಿನ್ ನಿಲ್ಲಿಸಲು ಕೋರಬೇಕು. ಮೊಬೈಲಿನಲ್ಲಿ ಗಟ್ಟಿಯಾಗಿ ಮಾತನಾಡುವುದು, ಹಾಡು ಹಾಕುವುದು, ಸಿಂಹದ ಗಮನ ಸೆಳೆಯಲು ಚಪ್ಪಾಳೆ ತಟ್ಟುವುದು ಸಲ್ಲದು. ಕೋತಿಗಳಿಗೆ ತಿಂಡಿ ಎಸೆಯಬಾರದು. ಮೂತ್ರವಿಸರ್ಜನೆಯ ಅಗತ್ಯವನ್ನು ಸಂಕೋಚವಿಲ್ಲದೆ ಚಾಲಕನಿಗೆ ಮೊದಲೇ ತಿಳಿಸಿದರೆ ಅವನು ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯುತ್ತಾನೆ. ಕೀನ್ಯಾ 2017ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಚೀಲಗಳನ್ನೂ, 2020ರ ಜೂನ್‌ನಲ್ಲಿ ರಕ್ಷಿತ ಪ್ರದೇಶಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನೂ ನಿಷೇಧಿಸಿದೆ. ತಿಂಡಿಯನ್ನು ಬಟ್ಟೆಚೀಲ, ಸ್ಟೀಲ್ ಡಬ್ಬಿಗಳಲ್ಲಿ ಒಯ್ಯುವುದೇ ಸರಿ. ಸಸ್ಯಾಹಾರಿಗಳು ತಮ್ಮ ಅಗತ್ಯವನ್ನು ಕಾಯ್ದಿರಿಸುವಾಗಲೇ ಬರೆದು ತಿಳಿಸಿದರೆ ಊಟಕ್ಕೆ ತೊಂದರೆಯಾಗದು.

2025ರ ಜುಲೈಯಲ್ಲಿ ಸೆರೆಂಗೆಟಿಯ ಉತ್ತರ ಭಾಗದ ನದಿದಂಡೆಯಲ್ಲಿ ಪ್ರವಾಸಿಗರು ಗುಂಪುಗುಂಪಾಗಿ ವಾಹನಗಳಿಂದ ಇಳಿದು, ನದಿ ದಾಟಲು ಬಂದ ಪ್ರಾಣಿಗಳ ದಾರಿಗೇ ಅಡ್ಡ ನಿಂತ ದೃಶ್ಯಗಳು ಜಗತ್ತಿನಾದ್ಯಂತ ಟೀಕೆಗೆ ಗುರಿಯಾದವು. ನೋಡಬೇಕೆಂಬ ಹಂಬಲವೇ ನೋಡಬೇಕಾದುದಕ್ಕೆ ತಡೆಯಾದ ಪ್ರಸಂಗವದು.

ಚೀತಾದ ಮರಿಗಳು

ಈ ನಿಯಮಗಳು ಕೇವಲ ಶಿಷ್ಟಾಚಾರವೆಂದು ಭಾವಿಸುವವರು ಒಂದು ಲೆಕ್ಕವನ್ನು ನೋಡಬೇಕು. ಸಿಂಹ, ಚಿರತೆಗಳು ಹೆಚ್ಚಾಗಿ ರಾತ್ರಿ ಬೇಟೆಯಾಡುತ್ತವೆ. ಚೀತಾ ಹಾಗಲ್ಲ, ಅದು ಹಗಲಿನ ಬೇಟೆಗಾರ. ಪ್ರವಾಸಿಗರು ತಿರುಗಾಡುವ ಹೊತ್ತೇ ಅದು ದುಡಿಯುವ ಹೊತ್ತು. ಮಾರಾ ಪ್ರದೇಶದಲ್ಲಿ ಹಲವು ವರ್ಷ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರವಾಸಿಗರು ಕಡಿಮೆಯಿರುವ ಭಾಗಗಳಲ್ಲಿ ತಾಯಿ ಚೀತಾ ಒಂದು ಸೂಲಿನಲ್ಲಿ ಸ್ವತಂತ್ರವಾಗುವವರೆಗೆ ಬೆಳೆಸಿದ ಮರಿಗಳ ಸರಾಸರಿ ಸುಮಾರು 2.3. ಪ್ರವಾಸಿಗರು ದಟ್ಟವಾಗಿರುವ ಭಾಗಗಳಲ್ಲಿ ಆ ಸರಾಸರಿ ಸುಮಾರು 0.2. ಅಂದರೆ ಹತ್ತು ಪಾಲಿನಲ್ಲಿ ಒಂದು ಪಾಲೂ ಉಳಿಯಲಿಲ್ಲ.

ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ. ಸುತ್ತ ನೆರೆದ ವಾಹನಗಳಿಂದಾಗಿ ಬೇಟೆ ತಪ್ಪಬಹುದು, ಕೊಂದ ಪ್ರಾಣಿಯನ್ನು ತಿನ್ನುವ ಮುನ್ನವೇ ಬಿಟ್ಟು ಹೋಗಬೇಕಾಗಬಹುದು, ಸದ್ದುಗದ್ದಲದಲ್ಲಿ ತಾಯಿ ಮತ್ತು ಮರಿಗಳು ಅಗಲಬಹುದು. ಹೀಗೆ ಒಂದೊಂದು ದಿನವೂ ಆಗುವ ಸಣ್ಣ ನಷ್ಟ ವರ್ಷದ ಕೊನೆಯಲ್ಲಿ ದೊಡ್ಡ ಮೊತ್ತವಾಗುತ್ತದೆ. ಭಾರತದಲ್ಲಿ ಚೀತಾ ನಿರ್ನಾಮವಾಯಿತೆಂದು 1952ರಲ್ಲಿ ಘೋಷಿಸಿ, 2022ರಲ್ಲಿ ನಮೀಬಿಯಾದಿಂದ ಅವುಗಳನ್ನು ವಿಮಾನದಲ್ಲಿ ತರಬೇಕಾಯಿತು. ಕಳೆದುಕೊಂಡ ಅಸಲನ್ನು ಮತ್ತೆ ಕೂಡಿಸುವ ಕಷ್ಟ ಭಾರತೀಯ ಪ್ರವಾಸಿಗನಿಗೆ ಬೇರೆಯವರು ಹೇಳಿಕೊಡಬೇಕಾದುದಲ್ಲ.

ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಕಾಡುಪ್ರಾಣಿ ಅಸಲು, ಅದರ ದರ್ಶನ ಬಡ್ಡಿ. ಟಿಕೆಟ್ ಕೊಂಡವನಿಗೆ ಬಡ್ಡಿಯಲ್ಲಿ ಪಾಲುಂಟೇ ಹೊರತು ಅಸಲಿನ ಮೇಲೆ ಹಕ್ಕಿಲ್ಲ.

ಬಕ್ಷೀಸು ಯಾವುದಕ್ಕೆ?

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ದೂರದ ಪೊದೆಯಲ್ಲಿ ಚೀತಾ ಕಾಣುತ್ತಿದೆ. ‘ಇನ್ನಷ್ಟು ಹತ್ತಿರ ನಡೆ, 50 ಡಾಲರ್ ಕೊಡುತ್ತೇನೆ’ ಎಂದು ಪ್ರವಾಸಿಗ ಹೇಳುತ್ತಾನೆ. ಅವನ ಲೆಕ್ಕದಲ್ಲಿ ಅದು ಒಂದು ಉತ್ತಮ ಛಾಯಾಚಿತ್ರದ ಬೆಲೆ. ಚಾಲಕನ ಲೆಕ್ಕ ಬೇರೆ. ದಾರಿ ಬಿಟ್ಟು ಇಳಿದದ್ದನ್ನು ಕಾವಲುಗಾರರು ಕಂಡರೆ ದಂಡ ಬೀಳಬಹುದು, ಮೀಸಲು ಪ್ರದೇಶದಿಂದ ಹೊರಹಾಕಬಹುದು, ಕೆಲಸಕ್ಕೂ ಸಂಚಕಾರ ಬರಬಹುದು. ನಿರಾಕರಿಸಿದರೆ ಗಿರಾಕಿ ಮುನಿಯುತ್ತಾನೆ. ಬಕ್ಷೀಸು ಹೋಗುತ್ತದೆ, ಸಂಸ್ಥೆಗೆ ದೂರು ಹೋಗುತ್ತದೆ. ಪ್ರವಾಸಿಗ ಮೂರನೆಯ ದಿನ ಊರಿಗೆ ಮರಳುತ್ತಾನೆ. ಚಾಲಕ ಮರುದಿನವೂ ಅದೇ ದ್ವಾರದಲ್ಲಿ ನಿಲ್ಲಬೇಕು. ಲಾಭ ಒಬ್ಬನದು, ಅಪಾಯ ಇನ್ನೊಬ್ಬನದು ಎಂಬ ಇಂತಹ ಒಪ್ಪಂದವನ್ನು ಯಾವ ಪ್ರಾಮಾಣಿಕ ವರ್ತಕನೂ ತನ್ನ ಅಂಗಡಿಯಲ್ಲಿ ಮಾಡಲಾರ.

ಆದುದರಿಂದ ಮೊದಲ ದಿನ ಬೆಳಿಗ್ಗೆಯೇ ಚಾಲಕನಿಗೆ ಸ್ಪಷ್ಟವಾಗಿ ತಿಳಿಸಬೇಕು: ನಿಯಮ ಮುರಿಯುವ ಅಗತ್ಯವಿಲ್ಲ, ಏನೂ ಕಾಣದಿದ್ದರೂ ಅಸಮಾಧಾನವಿಲ್ಲ, ಬಕ್ಷೀಸು ಖಂಡಿತ. ಈ ಒಂದು ಮಾತಿನಿಂದ ಅವನ ಹೆಗಲಿನ ಭಾರ ಇಳಿಯುತ್ತದೆ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗಗಳ ‘ಐದು ದೊಡ್ಡ ಪ್ರಾಣಿಗಳ’ ಪಟ್ಟಿ ಮೂಲತಃ ಬೇಟೆಗಾರರದು. ಗೋದಾಮಿನ ದಾಸ್ತಾನಿನಂತೆ ಅದಕ್ಕೆ ಗುರುತು ಹಾಕುತ್ತ ಓಡುವ ಬದಲು ಚಾಲಕನಿಗೆ ತಿಳಿದಿರುವ ಹಕ್ಕಿ, ಹುಲ್ಲು, ಹೆಜ್ಜೆಗುರುತುಗಳ ಬಗೆಗೆ ಕೇಳಿದರೆ ಪ್ರವಾಸ ಇಮ್ಮಡಿ ಫಲ ಕೊಡುತ್ತದೆ. ಬಕ್ಷೀಸಿನ ವಾಡಿಕೆಯ ಮೊತ್ತವನ್ನು ಸಂಸ್ಥೆಯಿಂದ ಮೊದಲೇ ತಿಳಿದು ಬಜೆಟ್ಟಿನಲ್ಲಿ ಸೇರಿಸಿ, ಕೊನೆಯ ದಿನ ಲಕೋಟೆಯಲ್ಲಿ ಅವನ ಕೈಗೇ ಕೊಡಬೇಕು. ಹರಿದ ಅಥವಾ ಬಹಳ ಹಳೆಯ ಡಾಲರ್ ನೋಟುಗಳನ್ನು ಅಲ್ಲಿ ಸ್ವೀಕರಿಸಲು ಹಿಂಜರಿಯುತ್ತಾರೆ.

ಮಾಸಾಯಿ ಜನರ ನೆಲದಲ್ಲಿ

ಮೀಸಲು ಪ್ರದೇಶದ ಸುತ್ತಲಿನ ಹುಲ್ಲುಗಾವಲು ಮಾಸಾಯಿ ಕುಟುಂಬಗಳ ಸ್ವಂತ ಭೂಮಿ. ಅನೇಕ ಕಡೆ ಆ ಕುಟುಂಬಗಳು ಜಮೀನುಗಳನ್ನು ಒಟ್ಟುಗೂಡಿಸಿ ‘ಕನ್ಸರ್ವೆನ್ಸಿ’ ಎಂಬ ಸಂರಕ್ಷಿತ ಪ್ರದೇಶಗಳನ್ನು ರಚಿಸಿ, ಪ್ರವಾಸಿ ಸಂಸ್ಥೆಗಳಿಗೆ ಗುತ್ತಿಗೆ ನೀಡಿವೆ. ಪ್ರವಾಸಿಗರು ಬಂದರೂ ಬಾರದಿದ್ದರೂ ಜಮೀನಿನ ಅಳತೆಗೆ ತಕ್ಕ ಬಾಡಿಗೆ ಸಲ್ಲಬೇಕೆಂಬುದು ಈ ವ್ಯವಸ್ಥೆಯ ತಿರುಳು. ಬೇಲಿ ಹಾಕಿ ಬೇಸಾಯ ಮಾಡುವುದಕ್ಕಿಂತ ಹುಲ್ಲನ್ನು ಹುಲ್ಲಾಗಿಯೇ ಬಿಡುವುದು ಲಾಭಕರವಾದಾಗ ಮಾತ್ರ ಪ್ರಾಣಿಗಳಿಗೆ ದಾರಿ ಉಳಿಯುತ್ತದೆ. 2020ರಲ್ಲಿ ಪ್ರವಾಸಿಗರ ಬರವು ನಿಂತಾಗ ಈ ಬಾಡಿಗೆಯ ಪಾವತಿಯೇ ಸಂಕಟಕ್ಕೆ ಸಿಲುಕಿತ್ತು. ಇಂತಹ ಕಡೆ ತಂಗುವುದು ದುಬಾರಿಯಾದರೂ ಹಣದ ಒಂದು ಪಾಲು ಭೂಮಾಲೀಕರಿಗೆ ಸೇರುತ್ತದೆ, ವಾಹನಗಳ ಸಂಖ್ಯೆಯೂ ಮಿತವಾಗಿರುತ್ತದೆ.

ಮಾಸಾಯಿ ಹಟ್ಟಿಗೆ ಹೋಗುವವರು ಶುಲ್ಕ ಎಷ್ಟು, ಅದು ಯಾರಿಗೆ ಸೇರುತ್ತದೆ ಎಂದು ಮೊದಲೇ ಕೇಳಬೇಕು. ಅನುಮತಿಯಿಲ್ಲದೆ ಯಾರ ಛಾಯಾಚಿತ್ರವನ್ನೂ ತೆಗೆಯಬಾರದು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಮಕ್ಕಳಿಗೆ ಚಾಕೊಲೇಟು, ಚಿಲ್ಲರೆ ಹಂಚುವುದರಿಂದ ಅವರಿಗೆ ಕೈಯೊಡ್ಡುವ ಅಭ್ಯಾಸ ಅಂಟುತ್ತದೆ. ಹೆಂಗಸರು ಮಾಡಿದ ಮಣಿಯ ಸರಗಳನ್ನು ಕೊಳ್ಳುವುದು ಮೇಲು. ಚೌಕಾಸಿ ಅಲ್ಲಿಯೂ ಉಂಟು; ಆದರೆ ಹತ್ತು ರೂಪಾಯಿಗಾಗಿ ಅರ್ಧ ಗಂಟೆ ಜಗ್ಗಾಡುವುದು ಅತಿಥಿಗೆ ಒಪ್ಪುವುದಿಲ್ಲ. ‘ಜಾಂಬೊ’ ಎಂಬ ನಮಸ್ಕಾರ, ‘ಅಸಾಂತೆ ಸಾನಾ’ ಎಂಬ ಕೃತಜ್ಞತೆ, ಈ ಎರಡು ಮಾತು ಕಲಿತರೂ ಮುಖಗಳು ಅರಳುತ್ತವೆ.

ದಂತ, ಚರ್ಮ, ಕೊಂಬು, ಹಲ್ಲು, ಉಗುರು ಮುಂತಾದ ಪ್ರಾಣಿಜನ್ಯ ವಸ್ತುಗಳನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಕೂಡದು. ಕೀನ್ಯಾ 1977ರಲ್ಲಿಯೇ ಬೇಟೆಯನ್ನು ನಿಷೇಧಿಸಿತು. 2016ರಲ್ಲಿ 105 ಟನ್ ದಂತವನ್ನು ಸಾರ್ವಜನಿಕವಾಗಿ ಸುಟ್ಟಿತು. ಅಲ್ಲಿನ 2013ರ ವನ್ಯಜೀವಿ ಕಾಯಿದೆಯೂ ಭಾರತದ 1972ರ ಕಾಯಿದೆಯೂ ಈ ವಿಷಯದಲ್ಲಿ ಕಠಿಣವಾಗಿವೆ. ‘ತಿಳಿದಿರಲಿಲ್ಲ’ ಎಂಬ ಸಮಜಾಯಿಷಿ ಎರಡೂ ವಿಮಾನ ನಿಲ್ದಾಣಗಳಲ್ಲಿ ನಡೆಯುವುದಿಲ್ಲ.

ಒಟ್ಟಿನಲ್ಲಿ, ಕೀನ್ಯಾ ಸಫಾರಿಯಲ್ಲಿ ಪ್ರವಾಸಿಗನು ವಾಹನವನ್ನು ಮಾತ್ರವಲ್ಲ, ಅದು ನಡೆಯುವ ರೀತಿಯನ್ನೂ ಬಾಡಿಗೆಗೆ ಪಡೆದಿರುತ್ತಾನೆ. 25 ಮೀಟರ್ ದೂರದಿಂದ ಕಂಡ ಚೀತಾ ಚಿತ್ರದಲ್ಲಿ ಸ್ವಲ್ಪ ಚಿಕ್ಕದಾಗಿಯೇ ಕಾಣಬಹುದು. ಆದರೆ ಅದರ ಮರಿಗಳು ಉಳಿದರೆ ಮುಂದಿನ ವರ್ಷ ಹೋಗುವವರಿಗೂ ನೋಡಲು ಏನಾದರೂ ಇರುತ್ತದೆ, ಅದೇ ಚಾಲಕನಿಗೆ ದುಡಿಮೆಯೂ ಇರುತ್ತದೆ. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ತೃಪ್ತಿಪಡುವುದು ವರ್ತಕರಿಗೆ ಹೊಸ ಪಾಠವೇನೂ ಅಲ್ಲ.